ಸೊಗಡು ಅಳೆಯುವ ಮೂಗು

ಸುಮನಾ ಶಿವಮೊಗ್ಗದಲ್ಲಿ ಅವರೆ ತಳಿಗಳ ಸಂಶೋಧನೆ ಮಾಡುತ್ತಿದ್ದಳು. ನಾಡಿನ ಮೂಲೆಮೂಲೆಯಿಂದ ತಂದ ಬೀಜಗಳನ್ನು ಒಂದೇ ಹೊಲದಲ್ಲಿ ಸಾಲಾಗಿ ಬಿತ್ತಿದ್ದಳು. ಕೆಲವು ಕಾಯಿ ಮುಟ್ಟಿದರೆ ಸಾಕು, ಕೈಯೆಲ್ಲ ಜಿಡ್ಡು, ಸಂಜೆಯಾದರೂ ಸೊಗಡು ಹೋಗದು. ಕೆಲವು ನೋಡಲಷ್ಟೇ ಚೆಂದ, ವಾಸನೆಯೇ ಇಲ್ಲ. ಸೊಗಡಿರುವ ಗಿಡಗಳಲ್ಲಿ ಮತ್ತೆ ಮತ್ತೆ ಕಂಡು, ಉಳಿದವುಗಳಲ್ಲಿ ಕಾಣದ ಡಿಎನ್‌ಎ ಗುರುತು ಯಾವುದೆಂದು ಹುಡುಕುವುದು ಅವಳ ಕೆಲಸ. ಅದು ಸಿಕ್ಕರೆ ಕಾಯಿ ಬಿಡುವ ತನಕ ಕಾಯಬೇಕಿಲ್ಲ; ಎಳೆ ಸಸಿಯ ಎಲೆಯಿಂದಲೇ ತಳಿ ಆರಿಸಬಹುದು.

ಆದರೆ ಸೊಗಡಿಗೆ ತಕ್ಕಡಿಯಿಲ್ಲ, ಮೂಗೇ ಬೇಕು. ಒಬ್ಬರ ಮೂಗನ್ನೇ ನಂಬಿ ಕೂರುವಂತೆಯೂ ಇಲ್ಲ. ಹಾಗಾಗಿ ಭದ್ರಾವತಿಯ ಜನ್ನಾಪುರದ ಮನೆಗೂ ಡಬ್ಬಿಗಳಲ್ಲಿ ಕಾಯಿ ತಂದಳು. ಗಂಡ ಯೋಗೇಶ, ಅಕ್ಕಪಕ್ಕದವರು ಮೂಸಿ ಅಂಕ ಕೊಟ್ಟರು. ಅತ್ತೆ ಮಹಾಂತಮ್ಮ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು.

"ಈ ಬೀದಿಗೆಲ್ಲ ಹಿತಕಿದ ಬೇಳೆ ಸಾರು ಬಡಿಸಿದವಳು ನಾನು. ನನ್ನ ಬಿಟ್ಟು ಇನ್ಯಾರನ್ನ ಕೇಳ್ತೀಯ?"

ಭಾನುವಾರ ಲೆಕ್ಕ ಹಾಕಿದಾಗ ಸುಮನಾಳಿಗೆ ನಗು ಬಂತು. ಅತ್ತೆ ಪ್ರತಿ ಕಾಯಿಗೂ ಐದಕ್ಕೆ ಐದು ಕೊಟ್ಟಿದ್ದರು. ವಾಸನೆಯೇ ಇಲ್ಲದ ಕಾಯಿಗೂ ಐದು!

"ಅಮ್ಮ ಮೇಷ್ಟ್ರಾಗಿದ್ರೆ ಯಾರೂ ಫೇಲ್ ಆಗ್ತಿರ್ಲಿಲ್ಲ," ಎಂದ ಯೋಗೇಶ.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಸೀದ ವಾಸನೆ ಬಂತು. ಸುಮನಾ ಓಡಿದಳು. ಒಗ್ಗರಣೆ ಕರಿಕಲಾಗಿತ್ತು. ಅದೇ ಒಲೆಗೆ ಬೆನ್ನು ಮಾಡಿಕೊಂಡು ಮಹಾಂತಮ್ಮ ನಿಶ್ಚಿಂತೆಯಿಂದ ಈರುಳ್ಳಿ ಹೆಚ್ಚುತ್ತಿದ್ದರು. ಸುಮನಾ ಒಲೆ ಆರಿಸಿದಳು. ಎಲ್ಲ ಕಾಯಿಗೂ ಐದೇ ಏಕೆ ಬಿತ್ತೆಂದು ಅವಳಿಗೆ ಆಗ ಹೊಳೆಯಿತು.

"ಅತ್ತೆ, ಯಾವಾಗಿಂದ ಹೀಗೆ?"

ಮಹಾಂತಮ್ಮ ಬಾಣಲೆ ನೋಡಿದರು. ಚಾಕು ಕೆಳಗಿಟ್ಟರು. "ಹೋದ ಮಳೆಗಾಲದಲ್ಲಿ ಜ್ವರ ಬಂತಲ್ಲ, ಆವಾಗಿಂದ. ಮಲ್ಲಿಗೆನೂ ಗೊತ್ತಾಗಲ್ಲ, ವಿಭೂತಿನೂ ಗೊತ್ತಾಗಲ್ಲ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಒಲೆ ಮುಂದೆ ನಿಲ್ಲಕ್ಕೆ ಬಿಡ್ತಿದ್ರಾ? ನೀನು ಬೇರೆ ಅಷ್ಟು ಆಸೆಯಿಂದ ಡಬ್ಬಿ ತಂದಿಟ್ಟೆ. ನೀನು ಬೆಳೆದ ಕಾಯಿಗೆ ಕಡಿಮೆ ಹಾಕಕ್ಕೆ ಮನಸ್ಸು ಬರ್ಲಿಲ್ಲ ಕಣೇ."

ಸುಮನಾ ಅತ್ತೆಯ ಕೈ ಹಿಡಿದುಕೊಂಡಳು. "ಇಷ್ಟು ಪ್ರೀತಿ ನನ್ನ ಲೆಕ್ಕಕ್ಕೆ ಒಗ್ಗಲ್ಲ ಅತ್ತೆ. ಎಲ್ಲಾ ಒಂದೇ ಅಂದ್ಬಿಟ್ರೆ ಏನೂ ಸಿಗಲ್ಲ. ಬೇರೆ ಬೇರೆ ಇದ್ರೇನೇ ಹುಡುಕೋಕಾಗೋದು."

"ಹಂಗಾದ್ರೆ ನಂದು ತೆಗೆದುಹಾಕು ಮಾರಾಯ್ತಿ!"

ತೆಗೆದುಹಾಕಿದಳು. ಅದೇ ವಾರ ಅತ್ತೆಯನ್ನು ಶಿವಮೊಗ್ಗದ ದುರ್ಗಿಗುಡಿಯ ವೈದ್ಯರಲ್ಲಿಗೆ ಕರೆದೊಯ್ದಳು. ಗಾಢ ವಾಸನೆಯ ಪದಾರ್ಥಗಳನ್ನು ದಿನಾ ಮೂಸುತ್ತಿರಿ, ಮರಳಿ ಬಂದರೂ ಬರಬಹುದು, ಖಚಿತವಾಗಿ ಹೇಳಲಾರೆ ಎಂದರು ಅವರು. ಅಂದಿನಿಂದ ಹೊಲದಲ್ಲಿ ಅತಿ ಹೆಚ್ಚು ಸೊಗಡಿದ್ದ ಕಾಯಿಗಳು ಸುಮನಾಳ ಬ್ಯಾಗಿನಲ್ಲಿ ಬಸ್ಸು ಹತ್ತಿ ಭದ್ರಾವತಿಗೆ ಬರತೊಡಗಿದವು. ಅಡುಗೆಮನೆಯಲ್ಲೂ ಹೊಸ ಏರ್ಪಾಡಾಯಿತು. ಮದುವೆಯಾದಾಗಿನಿಂದ ಸೊಸೆಯನ್ನು ಒಲೆಯ ಹತ್ತಿರ ಬಿಟ್ಟುಕೊಳ್ಳದಿದ್ದ ಮಹಾಂತಮ್ಮ ಈಗ ಸೌಟು ತಿರುವುತ್ತಾ, "ಬೆಂತಾ ನೋಡೇ?" ಎಂದು ಕೇಳುತ್ತಿದ್ದರು. ಸುಮನಾ ಬಗ್ಗಿ ಮೂಸಿ, "ಇನ್ನೊಂದ್ ಸ್ವಲ್ಪ," ಎನ್ನುತ್ತಿದ್ದಳು.

ಚಳಿ ಇಳಿಯುವ ಹೊತ್ತಿಗೆ ಫಲಿತಾಂಶ ಬಂತು. ಸೊಗಡಿನ ಗಿಡಗಳಲ್ಲಿ ಒಂದು ಗುರುತು ಎದ್ದು ಕಾಣುತ್ತಿತ್ತು. ಕುಂಸಿಯ ಕಡೆಯಿಂದ ತಂದ ತಳಿಯಲ್ಲೂ ಅದಿತ್ತು. ಮುಂದಿನ ಹಂಗಾಮಿನಲ್ಲಿ ಬೇರೆ ಹೊಲದಲ್ಲಿ ಬೆಳೆದು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಬೇಕೆಂದು ಅವಳ ಮಾರ್ಗದರ್ಶಕರು ಹೇಳಿದರು. ಆದರೂ ಸುಮನಾಳ ಖುಷಿ ಹಿಡಿಯಲಾಗಲಿಲ್ಲ. ಕುಂಸಿ ತಳಿಯ ಕೊನೆಯ ಕಾಯಿಗಳನ್ನು ಕೊಯ್ದುಕೊಂಡು ಮನೆಗೆ ಬಂದಳು.

ಮಹಾಂತಮ್ಮ ಎಂದಿನಂತೆ ಒಂದು ಕಾಯಿ ಉಜ್ಜಿ ಮೂಗಿಗೆ ಹಿಡಿದರು. ಮತ್ತೊಮ್ಮೆ ಹಿಡಿದರು.

"ಏನೋ ಬಂದಂಗಾಯ್ತಲ್ಲೇ!"

"ಅವರೆ ಸೊಗಡಾ ಅತ್ತೆ?"

ಮಹಾಂತಮ್ಮ ಮುಖ ಕಿವುಚಿದರು. "ಅಲ್ವೇ ಅಲ್ಲ. ಸೀಮೆಎಣ್ಣೆ ಕಣೇ, ಗಬ್ಬು ಸೀಮೆಎಣ್ಣೆ!"

ವಾಸನೆ ಮರಳುವಾಗ ಮೊದಮೊದಲು ಹೀಗೆ ಅಡ್ಡಾದಿಡ್ಡಿಯಾಗಿ ಬರುವುದುಂಟೆಂದು ವೈದ್ಯರು ಹೇಳಿದ್ದರು. ಸುಮನಾ ನಗುತ್ತಾ ಅತ್ತೆಯನ್ನು ತಬ್ಬಿಕೊಂಡಳು. ಅವರು ಅವಳ ಭುಜದ ಮೇಲಿಂದಲೇ ಕೈ ಚಾಚಿ ಮತ್ತೊಂದು ಕಾಯಿ ಎತ್ತಿಕೊಂಡರು.