ಇಬ್ಬರ ಕಾಗದ ಹೊತ್ತ ಫೈಲು

ನಾನು ಒಂದು ರೆಕ್ಸಿನ್ ಫೈಲು. ಹುಬ್ಬಳ್ಳಿಯಲ್ಲಿ ಬಸ್ಸಿನ ಸೀಟುಗಳಿಗೆ ಕವರು ಹೊಲಿಯುವ ಅಂಗಡಿಯೊಂದರಲ್ಲಿ, ಮಿಕ್ಕಿದ ಕಂದು ತುಂಡಿನಿಂದ ಹುಟ್ಟಿದೆ. ಸೀಟಾಗಿದ್ದರೆ ಊರೂರು ತಿರುಗಬಹುದಿತ್ತಲ್ಲ ಎಂದು ಮೊದಮೊದಲು ಬೇಸರವಿತ್ತು. ಹೊಲಿದವನು ಮೂರು ಕಡೆ ಜಿಪ್ ಹಚ್ಚಿ, ಎರಡು ಸಲ ಎಳೆದು ನೋಡಿ, ಬಾಗಿಲಿಗೆ ತೂಗುಹಾಕಿದ. ಅದೇ ವಾರ ಹೊಸಮನಿ ಮೇಡಂ ನನ್ನನ್ನು ಕೊಂಡರು. ಬ್ಯಾಡಗಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸುವ ಕೆಲಸ ಅವರಿಗೆ ಆಗಷ್ಟೇ ಸಿಕ್ಕಿತ್ತು.

ಅವರ ಹತ್ತಿರ ಹನ್ನೊಂದು ವರ್ಷ ಇದ್ದೆ. ಪ್ರಶ್ನೆಪತ್ರಿಕೆ ಹೊತ್ತೆ, ಹಾಜರಿ ಪಟ್ಟಿ ಹೊತ್ತೆ. ಊಟದ ಡಬ್ಬಿಯ ಪಕ್ಕ ಕೂತು ಶೇಂಗಾ ಚಟ್ನಿಯ ಎಣ್ಣೆಯನ್ನೂ ಕುಡಿದೆ. ಆ ಕಲೆ ಈಗಲೂ ಇದೆ.

ಸುಮಂಗಲಾ ಬಣಕಾರ ಎಂಬ ಹುಡುಗಿ ಮೇಡಂ ತರಗತಿಗೆ ಬಂದದ್ದು ಹನ್ನೊಂದನೆಯ ವರ್ಷ. ಅವಳ ಅವ್ವ ಕಮಲವ್ವ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಒಂದು ದಿನ ಮೇಡಂ ಬೇಡಿಕೆ, ಪೂರೈಕೆಯ ಗೆರೆಗಳನ್ನು ಹಲಗೆಯ ಮೇಲೆ ಎಳೆಯುತ್ತಿದ್ದಾಗ ಈ ಹುಡುಗಿ ಎದ್ದು ನಿಂತಳು.

"ಮೇಡಂರೀ, ನಮ್ಮ ಮಾರ್ಕೆಟ್ಟಿನ್ಯಾಗ ಕೆಲವ್ರು ಕಾಯಿ ತಂದ ದಿನಾನ ಮಾರಬೇಕು. ಕೆಲವ್ರು ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟು ವರ್ಷಗಟ್ಲೆ ಕಾಯ್ತಾರ. ಈ ಗೆರಿಯೊಳಗ ಆ ಕಾಯೋದು ಎಲ್ಲೈತ್ರಿ?"

ಮೇಡಂ ಸೀಮೆಸುಣ್ಣ ಕೆಳಗಿಟ್ಟರು. ಗಂಟೆ ಬಾರಿಸಿದ ಮೇಲೂ ಅವಳನ್ನು ಕೂರಿಸಿಕೊಂಡು ಮಾತಾಡಿದರು. ಪುಣೆಯ ಹೆಸರಾಂತ ವಿಶ್ವವಿದ್ಯಾಲಯವೊಂದು ಎರಡನೆಯ ವರ್ಷಕ್ಕೆ ಬೇರೆ ಕಾಲೇಜುಗಳಿಂದ ಬೆರಳೆಣಿಕೆಯಷ್ಟು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ, ಪರೀಕ್ಷೆ ಕಟ್ಟು ಎಂದರು. ಹಾಗೆ ಹೇಳಿ ನನ್ನನ್ನು ಖಾಲಿ ಮಾಡಿ ಅವಳ ಕೈಗಿತ್ತರು.

ಸುಮಂಗಲಾ ಒಬ್ಬಳೇ ಹೊರಡುವವಳಲ್ಲ. ಬಾಲ್ಯದಿಂದ ಅದೇ ಓಣಿಯ ತಬಸ್ಸುಮ್ ಅವಳ ಜೊತೆಗಾತಿ. ಸುಮಂಗಲೆಗೆ ಪ್ರಶ್ನೆಗಳು ಹುಟ್ಟುತ್ತಿದ್ದವು, ಲೆಕ್ಕ ಕೈಕೊಡುತ್ತಿತ್ತು. ತಬಸ್ಸುಮಳಿಗೆ ಸಂಖ್ಯಾಶಾಸ್ತ್ರ ನೀರು ಕುಡಿದಷ್ಟು ಸುಲಭ. ಕಾಲೇಜಿನ ಹಿಂದಿನ ಬೇವಿನ ಕಟ್ಟೆಯ ಮೇಲೆ ನನ್ನನ್ನೇ ಮಣೆ ಮಾಡಿಕೊಂಡು, "ಲೇ, ಸರಾಸರಿ ಬ್ಯಾರೆ, ಮಧ್ಯಾಂಕ ಬ್ಯಾರೆ. ಎಷ್ಟು ಸಲ ಹೇಳಬೇಕ?" ಎಂದು ಗದರುತ್ತ ಕಲಿಸಿದಳು. ಇಬ್ಬರೂ ಅರ್ಜಿ ಹಾಕಿದರು. ಎಡಗಡೆ ಒಬ್ಬಳ ಅಂಕಪಟ್ಟಿ, ಬಲಗಡೆ ಇನ್ನೊಬ್ಬಳದು. ಆಗ ನನ್ನ ಹೊಟ್ಟೆ ಎಷ್ಟು ಉಬ್ಬಿತ್ತೆಂದರೆ ಜಿಪ್ಪು ಅರ್ಧಕ್ಕೇ ನಿಲ್ಲುತ್ತಿತ್ತು.

ಲಿಖಿತ ಪರೀಕ್ಷೆಯಲ್ಲಿ ಇಬ್ಬರೂ ಪಾಸಾದರು. ಸಂದರ್ಶನಕ್ಕೆ ಪುಣೆಗೆ ಮೇಡಂ ಕೂಡ ಜೊತೆಗೆ ಬಂದರು. ಒಳಗೆ ನಾನು ಸುಮಂಗಲೆಯ ತೊಡೆಯ ಮೇಲಿದ್ದೆ. ಅವಳ ಅಂಗೈ ಬೆವರಿ ನನ್ನ ಮೈ ಒದ್ದೆಯಾಗಿತ್ತು. ವಯಸ್ಸಾದ ಪ್ರಾಧ್ಯಾಪಕರೊಬ್ಬರು, ಮೆಣಸಿನಕಾಯಿ ಮಾರ್ಕೆಟ್ಟಿನ ಬಗ್ಗೆ ಅವಳು ಅರ್ಜಿಯ ಜೊತೆ ಕಳಿಸಿದ್ದ ಬರಹ ತಿರುವಿ ಕೇಳಿದರು: "ಆ ಕೋಲ್ಡ್ ಸ್ಟೋರೇಜ್ ನಿಮ್ಮದೇ ಆಗಿದ್ದರೆ ಏನು ಮಾಡುತ್ತಿದ್ದಿರಿ?"

"ನಾನೂ ಕಾಯುತ್ತಿದ್ದೆ ಸರ್," ಎಂದಳು, ತಡವರಿಸುವ ಇಂಗ್ಲಿಷಿನಲ್ಲಿ.

"ಮತ್ತೆ ನಿಮ್ಮ ದೂರು ಯಾರ ಮೇಲೆ?"

"ದೂರಿಲ್ಲ ಸರ್. ಎಲ್ಲರಿಗೂ ಕಾಯುವುದಕ್ಕೆ ಆಗುವಂತಿದ್ದರೆ ಏನಾಗುತ್ತದೆ ಅಂತ ತಿಳಿಯಬೇಕು."

ಆಮೇಲೆ ನಾನು ತಬಸ್ಸುಮಳ ಜೊತೆ ಒಳಹೋದೆ. ಕೊಟ್ಟ ಲೆಕ್ಕವನ್ನು ಅವಳು ನಿಂತ ನಿಲುವಿನಲ್ಲೇ ಬಿಡಿಸಿದಳು. ಇಲ್ಲಿಗೇ ಯಾಕೆ ಬರಬೇಕೆನ್ನಿಸಿತು ಎಂದು ಕೇಳಿದಾಗ ಮಾತ್ರ, "ನನ್ನ ಗೆಳತಿ ಬರ್ತಾಳೆ ಅಂತ," ಎಂದುಬಿಟ್ಟಳು. ಅವರು ನಕ್ಕರು. ಅವಳೂ ನಕ್ಕಳು.

ಜೂನಿನಲ್ಲಿ ಪಟ್ಟಿ ಬಂತು. ಸುಮಂಗಲೆಯ ಹೆಸರಿತ್ತು. ತಬಸ್ಸುಮಳದು ಇರಲಿಲ್ಲ.

ಎರಡು ದಿನ ಸುಮಂಗಲಾ ಕಾಲೇಜಿನ ಕಡೆ ತಲೆ ಹಾಕಲಿಲ್ಲ. ಶನಿವಾರದೊಳಗೆ ವರ್ಗಾವಣೆ ಪತ್ರ ಕಳಿಸದಿದ್ದರೆ ಸೀಟು ಹೋಗುತ್ತದೆ ಎಂದು ಮೇಡಂ ಫೋನಿನ ಮೇಲೆ ಫೋನು ಮಾಡಿದರು. ಮೂರನೆಯ ದಿನ ತಬಸ್ಸುಮಳೇ ಮನೆಗೆ ಬಂದಳು.

"ಟೀಸಿ ಯಾಕ ತಗೊಂಡಿಲ್ಲ?"

"ನಾ ಹೋಗಂಗಿಲ್ಲ."

"ಯಾಕ? ನನ್ನ ಸಲುವಾಗೇನು?" ತಬಸ್ಸುಮಳ ದನಿ ಏರಿತು. "ಒಂದು ವರ್ಷ ಗಂಟಲು ಹರಕೊಂಡು ಕಲಿಸೀನಿ ನಿನಗ. ನೀ ಇಲ್ಲೇ ಕುಂತ್ರ ನಾನೂ ನಪಾಸು, ನೀನೂ ನಪಾಸು. ಒಬ್ಬಾಕಿಯಾದ್ರೂ ಪಾಸಾಗೋಣು, ಏಳು."

ಒಲೆಯ ಮುಂದಿದ್ದ ಕಮಲವ್ವ ಮೆಣಸಿನಕಾಯಿ ಬಿಡಿಸಿ ಉರಿಯುವ ಬೆರಳುಗಳನ್ನು ಮಜ್ಜಿಗೆಯಲ್ಲಿ ಅದ್ದಿಕೊಂಡು ಕೂತಿದ್ದಳು. "ಆಕಿ ಹೇಳೂದು ಖರೆ ಐತಿ, ಏಳವಾ," ಎಂದಳು.

ಕಾಲೇಜಿನ ಕಚೇರಿಯಲ್ಲಿ ಅರ್ಜಿ ಬರೆದದ್ದು ತಬಸ್ಸುಮಳೇ. ಸುಮಂಗಲಾ ಸಹಿ ಮಾತ್ರ ಮಾಡಿದಳು. ಬಳಿಕ ತಬಸ್ಸುಮ್ ನನ್ನ ಬಲಗಡೆಯಿಂದ ತನ್ನ ಕಾಗದಗಳನ್ನು ಒಂದೊಂದಾಗಿ ತೆಗೆದುಕೊಂಡಳು. ಜಿಪ್ಪು ಸಲೀಸಾಗಿ ಮುಚ್ಚಿತು. ಅಷ್ಟು ಸಲೀಸಾಗಿ ಮುಚ್ಚಿದ್ದು ನನಗೆ ಸೇರಲಿಲ್ಲ.

ಪುಣೆಯಲ್ಲಿ ಮೊದಲ ಕೆಲವು ತಿಂಗಳು ಕಷ್ಟದವು. ಬ್ಯಾಡಗಿಯಲ್ಲಿ ಓದಿದ ಗಣಿತವನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡನೆಯ ವರ್ಷದವಳು ಮೊದಲ ವರ್ಷದವರ ಜೊತೆ ಕೂತು ಮತ್ತೆ ಕಲಿಯಬೇಕಾಯಿತು. ಮೊದಲ ಕಿರುಪರೀಕ್ಷೆಯಲ್ಲಿ ನಪಾಸಾದಳು. ಆ ಉತ್ತರಪತ್ರಿಕೆಯನ್ನು ನನ್ನೊಳಗೆ ತಳದಲ್ಲಿ ತುರುಕಿ, ಮಧ್ಯಾಹ್ನದ ಊಟವನ್ನೂ ಬಿಟ್ಟು ಮಲಗಿದಳು. ಸಂಜೆ ಫೋನು ಬಂತು.

"ಪೇಪರ್ ತಗಿ, ಓದು," ಎಂದಳು ತಬಸ್ಸುಮ್. "ಎಲ್ಲಿ ತಪ್ಪೀದಿ ನೋಡೋಣು."

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಫೋನಿನಲ್ಲೇ ಪಾಠ. ಹಾಸ್ಟೆಲಿನ ಹುಡುಗಿಯರಿಗೆ ಈ ಬ್ಯಾಡಗಿಯ ಮೇಷ್ಟ್ರ ದನಿ ರೂಢಿಯಾಯಿತು. ಒಬ್ಬಿಬ್ಬರು ಬಂದು ತಮ್ಮ ಲೆಕ್ಕವನ್ನೂ ಕೇಳತೊಡಗಿದರು. ವರ್ಷದ ಕೊನೆಗೆ ಸುಮಂಗಲಾ ಗಣಿತದಲ್ಲಿ ಪಾಸಾದಳು. ದೊಡ್ಡ ಅಂಕವೇನಲ್ಲ. ಆದರೆ ಆ ಹಾಳೆಯನ್ನು ಅವಳು ನನ್ನೊಳಗೆ ಮಡಚದೆ ಇಟ್ಟಳು.

ಈಗ ನನಗೆ ವಯಸ್ಸಾಗಿದೆ. ಮೂಲೆಗಳು ಸುಲಿದಿವೆ, ಜಿಪ್ಪಿನ ಹಲ್ಲುಗಳು ಉದುರಿವೆ. ಸುಮಂಗಲಾ ಪುಣೆಯಲ್ಲೇ ಸಂಶೋಧನೆ ಮಾಡುತ್ತಿದ್ದಾಳೆ. ತಬಸ್ಸುಮ್ ಧಾರವಾಡದಲ್ಲಿ ಎಂ.ಎ. ಮುಗಿಸಿ ಹಾವೇರಿಯಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾಳೆ. ನಾನು ಬ್ಯಾಡಗಿಗೆ ಮರಳಿ, ಕಮಲವ್ವನ ಮನೆಯ ಗೂಡಿನಲ್ಲಿ ರೇಶನ್ ಕಾರ್ಡು, ಬಿಪಿ ಗುಳಿಗೆಯ ಚೀಟಿಗಳನ್ನು ಕಾಯುತ್ತ ಮಲಗಿದ್ದೇನೆ. ರಜೆಗೆ ಬಂದಾಗ ಗೆಳತಿಯರಿಬ್ಬರೂ ಹೊಸ್ತಿಲ ಮೇಲೆ ಕೂತು ಯಾವುದೋ ಲೆಕ್ಕದ ಬಗ್ಗೆ ಕಿತ್ತಾಡುತ್ತಾರೆ. "ಇಷ್ಟು ಓದಿದ್ರೂ ನಿಮ್ಮ ಜಗಳ ಮುಗೀವಲ್ದೇನ್ರೇ?" ಎಂದು ಕಮಲವ್ವ ಬೈದು ಚಹಾ ಕೊಡುತ್ತಾಳೆ.

ಜೀವಮಾನವಿಡೀ ಪ್ರಮಾಣಪತ್ರಗಳನ್ನೇ ಹೊತ್ತೆ. ಹುಟ್ಟಿದ್ದಕ್ಕೆ, ಪಾಸಾದದ್ದಕ್ಕೆ, ಕಾಲೇಜು ಬಿಟ್ಟದ್ದಕ್ಕೆ, ಸೇರಿದ್ದಕ್ಕೆ ಒಂದೊಂದು. ಯಾರು ಯಾರನ್ನು ಅಲ್ಲಿಗೆ ಮುಟ್ಟಿಸಿದರು ಎಂದು ಬರೆದ ಕಾಗದ ಮಾತ್ರ ಒಂದೂ ಸಿಗಲಿಲ್ಲ. ಸಿಕ್ಕಿದ್ದರೆ, ಜಿಪ್ಪು ಹರಿದುಹೋದರೂ ಸರಿ, ಅದಕ್ಕೊಂದು ಜಾಗ ಮಾಡಿಕೊಡುತ್ತಿದ್ದೆ.