ಗುರುವಾರದ ಸರದಿ

ಹೆಣಕ್ಕೆ ತೆಗೆಯುತ್ತಿದ್ದ ಗುಂಡಿ ಎದೆಮಟ್ಟಕ್ಕೆ ಬಂದಾಗ ಬಡಗಿ ಅಗೆಯುವುದನ್ನು ನಿಲ್ಲಿಸಿ ಗಾಳಿ ಬಂದ ಕಡೆ ತಿರುಗಿದ. ದಡದ ಮೇಲೆ ಮಣ್ಣಿನ ಬುಟ್ಟಿ ಹಿಡಿದು ನಿಂತಿದ್ದ ಟೀಚರ್ ಮೂಗಿಗೂ ಆ ವಾಸನೆ ಆಗಲೇ ಬಡಿದಿತ್ತು.

"ಎರಡು ದಿನ ಆಯ್ತಲ್ಲ, ಬಕೆಟ್ ತುಂಬಿರ್ಬೇಕು," ಅಂದ ಬಡಗಿ. "ಇವತ್ತು ಯಾರ ಸರದಿ?"

ಗುಂಡಿಯ ಸುತ್ತ ಇದ್ದವರೆಲ್ಲ ತಮ್ಮ ಗುದ್ದಲಿ, ತಮ್ಮ ಬುಟ್ಟಿ ನೋಡಿಕೊಂಡರು. ಕಡೆಗೆ ರೊಟ್ಟಿ ಸುಡುವ ಹೆಂಗಸೇ ಬಾಯಿ ಬಿಟ್ಟಳು. "ಗುರುವಾರ ಅಲ್ವಾ. ಟೀಚರದು."

"ಹೌದು, ನಂದೇ. ನೋಡ್ಕೊಂಡು ಬರ್ತೀನಿ," ಅಂದು ಟೀಚರ್ ಬುಟ್ಟಿ ಕೆಳಗಿಟ್ಟರು. ದನಿ ಎಷ್ಟು ಸಹಜವಾಗಿ ಬಂತೆಂದರೆ ಅವರಿಗೇ ಅಸಹ್ಯವಾಯಿತು.

ಅಲ್ಲಿರುವುದು ಏಳು ಮನೆ, ವಾರದ ಏಳು ದಿನಕ್ಕೆ ಸರಿಯಾಗಿ. ತಾವೇ ಬೆಳೆದದ್ದು ತಿನ್ನುವುದು, ಬಿಸಿಲಿನಿಂದ ದೀಪ ಹೊತ್ತಿಸುವುದು, ಒಂದು ತೊಟ್ಟು ನೀರನ್ನೂ ಸುಮ್ಮನೆ ಚೆಲ್ಲದಿರುವುದು ಅವರ ವ್ರತ. ಹಾಗಾಗಿ ಕಕ್ಕಸಿಗೂ ನೀರಿಲ್ಲ. ಕೆಳಗೆ ಬಕೆಟ್, ಮೇಲೆ ಒಂದು ಹಿಡಿ ಮರದ ಹೊಟ್ಟು. ದಿನಕ್ಕೊಂದು ಮನೆಯವರು ಬಕೆಟ್ ಹೊತ್ತು ತೋಟದ ಕೊನೆಯ ಗೊಬ್ಬರದ ಗುಂಡಿಗೆ ಸುರಿದು ಬರಬೇಕು. ಅದನ್ನು ಬೇರೆಯವರ ತಲೆಗೆ ಕಟ್ಟುವಂತಿಲ್ಲ. ಈ ನಿಯಮ ಬರೆದವರು ಟೀಚರ್. ಊಟದ ಮನೆಯ ಗೋಡೆ ಮೇಲೆ 'ಇಲ್ಲಿ ಯಾವ ಕೆಲಸವೂ ಕೀಳಲ್ಲ' ಎಂದು ದುಂಡಗೆ ಬಣ್ಣದಲ್ಲಿ ಬರೆದವರೂ ಅವರೇ. ನೋಡಲು ಬಂದವರೆಲ್ಲ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು.

*

ಒಂಬತ್ತು ವರ್ಷದ ಹಿಂದೆ ಟೀಚರಿಗೆ ಸೊಂಟ ಹಿಡಿದುಕೊಂಡಿತ್ತು. ಭಾನುವಾರದ ಮನೆಯವನು, ಒಂಟಿ ಮನುಷ್ಯ, ಬಾಗಿಲಲ್ಲಿ ನಿಂತು, "ನೀವು ಮಲಗಿ ಅಕ್ಕಾ, ಈ ಗುರುವಾರ ನಾನು ನೋಡ್ಕೋತೀನಿ" ಅಂದ. ಸದಾ ಸೀಟಿ ಹೊಡೆಯುತ್ತಿದ್ದನಾದ್ದರಿಂದ ಎಲ್ಲರೂ ಅವನನ್ನು ಸೀಟಿಯಣ್ಣ ಎನ್ನುತ್ತಿದ್ದರು.

ಸೊಂಟ ಹದಿನೈದು ದಿನದಲ್ಲಿ ಸರಿಹೋಯಿತು. ಟೀಚರ್ ತೋಟದಲ್ಲಿ ಬಗ್ಗಿ ಕಳೆ ಕಿತ್ತರು, ನೀರು ಹೊತ್ತರು. ಸರದಿ ವಾಪಸು ಕೊಡೆಂದು ಮಾತ್ರ ಕೇಳಲಿಲ್ಲ. ಅವನೂ ಆ ಮಾತು ಎತ್ತಲಿಲ್ಲ. ಗುರುವಾರ ಬೆಳಿಗ್ಗೆ ಚಹಾ ಲೋಟ ಹಿಡಿದು ಊಟದ ಮನೆಯ ಕರಿಹಲಗೆ ಮುಂದೆ ಹೋಗಿ ತಮ್ಮ ಹೆಸರಿನೆದುರು ಸುಣ್ಣದ ಕಡ್ಡಿಯಲ್ಲಿ ಸರಿ ಗುರುತು ಹಾಕುವುದೊಂದೇ ಅವರಿಗೆ ಉಳಿದ ಕೆಲಸ.

ಅಷ್ಟೇ ಆಗಿದ್ದರೆ ಹೇಗೋ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಊಟಕ್ಕೆ ಅವನು ಬಾಗಿಲ ಪಕ್ಕದ ಬೆಂಚಿನ ಕೊನೆಗೆ ಕೂರುತ್ತಿದ್ದ. ಒಂದು ದಿನ ಜಾಗವಿಲ್ಲದೆ ಟೀಚರ್ ಅವನ ಪಕ್ಕ ಕೂತವರು, ಎರಡು ತುತ್ತು ತಿಂದು, "ಇಲ್ಲಿ ಗಾಳಿ ಜಾಸ್ತಿ" ಅಂತ ತಟ್ಟೆ ಎತ್ತಿಕೊಂಡು ಎದ್ದರು. "ಹೌದಕ್ಕಾ, ಗಾಳಿ ಜಾಸ್ತಿ," ಅಂದ ಅವನು. ಎದ್ದು ಬಾಗಿಲನ್ನೂ ಮುಚ್ಚಿದ.

*

ಅರ್ಧ ದಾರಿಯಲ್ಲಿ ಬಡಗಿ ಓಡುನಡಿಗೆಯಲ್ಲಿ ಬಂದು ಅವರ ಜೊತೆಯಾದ.

"ಟೀಚರ್, ಒಂದು ಮಾತು. ನಿಮ್ದೂ ಅವ್ನೇ ಮಾಡ್ತಿದ್ನಾ?"

ಟೀಚರ್ ನಿಂತುಬಿಟ್ಟರು. "ನಿಮ್ದೂ ಅಂದ್ರೆ?"

"ಮಂಗಳವಾರದ್ದು ನಾನು ಕೊಟ್ಟು ಆರು ವರ್ಷ ಆಯ್ತು. ನಂದೊಂದೇ ಅಂದ್ಕೊಂಡಿದ್ದೆ. ಈಗ ಅಲ್ಲಿ ಒಬ್ಬೊಬ್ರ ಮುಖ ನೋಡಿದ್ಮೇಲೆ..." ಬಡಗಿ ಅಂಗೈಯ ಮಣ್ಣು ಉಜ್ಜಿಕೊಂಡ. "ಏಳಕ್ಕೆ ಏಳೂ ದಿನ ಅವ್ನೇ ಟೀಚರ್. ನಾವು ಬರೀ ಗುರುತು ಹಾಕ್ತಿದ್ವಿ."

ಅವನು ಗುಂಡಿಯ ಕಡೆ ಹಿಂತಿರುಗಿದ.

ಊಟದ ಮನೆಯಲ್ಲಿ ಮೇಜಿನ ಮೇಲೆ ಸೀಟಿಯಣ್ಣನ ಹೆಣ ಮಲಗಿಸಿದ್ದರು. ಪಕ್ಕದಲ್ಲಿ ಬೆಳಗಿನ ಬಸ್ಸಿಗೆ ಪಟ್ಟಣದಿಂದ ಬಂದಿಳಿದ ಅವನ ತಂಗಿ ಕೂತಿದ್ದಳು. ಟೀಚರ್ ಒಳಗೆ ಬಂದದ್ದು ಕೈಗವಸು ಹುಡುಕಲು. ಅದನ್ನು ಎಲ್ಲಿ ಇಡುತ್ತಾರೆಂಬುದೂ ಅವರಿಗೆ ಗೊತ್ತಿರಲಿಲ್ಲ. ತಂಗಿ ಎದ್ದು ನಿಂತಳು.

"ನೀವು ಟೀಚರಮ್ಮ ಅಲ್ವಾ? ಅಣ್ಣ ಹೇಳ್ತಿದ್ದ. ಊರಲ್ಲಿ ಅವ್ನೂ ನಾನೂ ಇದೇ ಬಕೆಟ್ ಹೊರೋ ಕೆಲ್ಸ ಮಾಡ್ಕೊಂಡಿದ್ದೋರು. ಅಲ್ಲಿ ನಮಗೆ ಮಾತ್ರ, ಇಲ್ಲಿ ಎಲ್ರಿಗೂ ಅಂತಿದ್ದ. ಅಲ್ಲಿ ಟೀಚರೂ ಬಕೆಟ್ ಹೊರ್ತಾರೆ ಕಣೇ, ನನಗೆ ವಾರಕ್ಕೊಂದೇ ಸಲ ಅಂತ. ನಾನು ನಂಬ್ತಿರ್ಲಿಲ್ಲ. ಬೊಗಳೆ ಬಿಡ್ಬೇಡ ಅಂತಿದ್ದೆ."

ಟೀಚರ್ ಸಾವಿನ ಮನೆಯಲ್ಲಿ ಆಡಬೇಕಾದ ಯಾವುದೋ ಒಂದು ಒಳ್ಳೆಯ ಮಾತಿಗೆ ತಡಕಾಡಿದರು. "ಅವನ ಸೀಟಿ ಕೇಳದೆ ನಮಗೆ ಬೆಳಗಾದ ಹಾಗೇ ಇಲ್ಲಮ್ಮ," ಅಂದರು.

"ಇಲ್ಲೂ ಸೀಟಿ ಹೊಡೀತಿದ್ನಾ?"

"ದಿನಾ. ಖುಷಿಯ ಮನುಷ್ಯ."

ತಂಗಿ ಅಣ್ಣನ ಮುಖ ನೋಡಿದಳು. "ಖುಷಿಗಲ್ಲ ಅದು. ಊರಲ್ಲಿ ಹಿಂದಿನ ಓಣಿಗೆ ಕಾಲಿಡೋ ಮುಂಚೆ ಹೊಡೀಬೇಕಿತ್ತು. ಬಕೆಟ್ ಬರ್ತಿದೆ, ಬಾಗಿಲು ಹಾಕ್ಕೊಳ್ಳಿ ಅಂತ. ಇಲ್ಲಿ ಅದೆಲ್ಲ ಬೇಕಾಗಿಲ್ಲ ಅಂದಿದ್ದ ನನ್ ಹತ್ರ."

ಒಂಬತ್ತು ವರ್ಷ ಆ ಸೀಟಿ ಕೇಳಿದೊಡನೆ ತಾವು ಎದ್ದು ಕಿಟಕಿ ಹಾಕುತ್ತಿದ್ದುದು ಟೀಚರಿಗೆ ನೆನಪಾಯಿತು.

ತಂಗಿ ಕರಿಹಲಗೆ ಹತ್ತಿರ ಹೋಗಿ ಬೆರಳಿಟ್ಟು ಓದಿದಳು. "ಇದೇ ಅಲ್ವಾ ಪಟ್ಟಿ? ಅಣ್ಣ ಹೇಳಿದ್ದು ನಿಜಾನೇ ಬಿಡಿ. ಗುರುವಾರ, ಟೀಚರ್. ಇವತ್ತಿಂದು ಆಗ್ಲೇ ಮುಗಿಸಿದೀರಾ?"

ಟೀಚರ್ ನೋಡಿದರು. ಗುರುವಾರದ ಎದುರು ಬೆಳ್ಳಗೆ, ಹೊಸದಾಗಿ, ಸರಿ ಗುರುತು ಕೂತಿತ್ತು. ಬೆಳಿಗ್ಗೆ ಚಹಾ ಲೋಟ ಹಿಡಿದು, ಹೆಣದ ಪಕ್ಕದಲ್ಲೇ ಹಾದುಹೋಗಿ, ಅಭ್ಯಾಸ ಬಲದಿಂದ ಅವರೇ ಹಾಕಿದ್ದು. ತೆರೆದ ಕಿಟಕಿಯಿಂದ ಕಕ್ಕಸಿನ ವಾಸನೆ ಧಾರಾಳವಾಗಿ ಒಳಗೆ ಬರುತ್ತಿತ್ತು. ತಂಗಿ ಒಮ್ಮೆ ಕಿಟಕಿ ನೋಡಿದಳು, ಒಮ್ಮೆ ಹಲಗೆ ನೋಡಿದಳು. ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

ಟೀಚರ್ ಕೈಗವಸಿಲ್ಲದೆಯೇ ಹೊರಗೆ ನಡೆದರು.

ಬಕೆಟ್ ಅಂಚಿನವರೆಗೂ ತುಂಬಿತ್ತು. ಮುಚ್ಚಳ ಒತ್ತಿ ಕೂರಿಸಿ, ಉಸಿರು ಬಿಗಿಹಿಡಿದು, ಎರಡೂ ಕೈಯಿಂದ ಹಿಡಿಕೆ ಹಿಡಿದು ಎತ್ತಿದರು. ಬಕೆಟ್ ಮೊಣಕಾಲಿಗೆ ಬಡಿದು ವಾಲಿತು, ಮುಚ್ಚಳ ಜಾರಿತು. ಪಾದದ ಮೇಲೆ ಬೆಚ್ಚಗೆ ಏನೋ ಚೆಲ್ಲಿತು. ತಲೆ ಎತ್ತಿದರೆ ಎದುರಿಗೆ ತಂಗಿ.

"ನಾನು ಇದನ್ನ ಮುಟ್ಟಿ ಒಂಬತ್ತು ವರ್ಷ ಆಯ್ತಮ್ಮ," ಅಂದರು ಟೀಚರ್. "ನಾವ್ಯಾರೂ ಮುಟ್ಟಿಲ್ಲ. ಎಲ್ಲಾ ನಿಮ್ಮಣ್ಣನೇ ಮಾಡಿದ್ದು."

"ಗೊತ್ತಾಯ್ತು," ಅಂದಳು ತಂಗಿ. "ನೀವು ಹಿಡ್ಕೊಂಡಿದ್ದು ನೋಡಿದ್ರೇ ಗೊತ್ತಾಗುತ್ತೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಒಂದಿಷ್ಟು ಸಿಟ್ಟಾದರೂ ಇದ್ದಿದ್ದರೆ ಟೀಚರಿಗೆ ಹಗುರಾಗುತ್ತಿತ್ತು. ತಂಗಿ ಬಸ್ಸಿಗೆಂದು ಹಾಕಿಕೊಂಡಿದ್ದ ಒಳ್ಳೆಯ ಚಪ್ಪಲಿ ಬಿಟ್ಟು, ತೋಳು ಮಡಿಸಿದಳು.

"ಬೇಡಮ್ಮ, ನೀವು ಬೇಡ. ಇವತ್ತಾದ್ರೂ ನಾನು ಮಾಡ್ತೀನಿ."

"ಚೆಲ್ಲಿಬಿಡ್ತೀರ. ಬಿಡಿ ಅಕ್ಕಾ."

ಬಿಡಿ ಅಕ್ಕಾ ಎಂಬ ಆ ಎರಡು ಮಾತು ಅಣ್ಣನ ದನಿಯಲ್ಲೇ ಬಂದವು. ಟೀಚರ್ ಕೈ ತಾನಾಗಿ ಸಡಿಲಿತು. ಬಿಡಬಾರದೆಂದು ಅವರಿಗೆ ತಿಳಿದಾಗ ಹಿಡಿಕೆ ಅವಳ ಕೈಗೆ ಹೋಗಿಯಾಗಿತ್ತು. ತಂಗಿ ಒಂದೇ ಏಟಿಗೆ ಎತ್ತಿ, ಇನ್ನೊಂದು ಕೈಯನ್ನು ತಳಕ್ಕೆ ಕೊಟ್ಟು, ಒಂದು ಹನಿಯೂ ತುಳುಕದಂತೆ ನಡೆದಳು. ಮುಚ್ಚಳ ಹಿಡಿದುಕೊಂಡು ಟೀಚರ್ ಹಿಂದೆ ಹೋದರು.

ಗೊಬ್ಬರದ ಗುಂಡಿಗೆ ದಾರಿ ಇರುವುದು ಅಣ್ಣನಿಗೆ ತೆಗೆದ ಗುಂಡಿಯ ಪಕ್ಕದಲ್ಲೇ. ಅಲ್ಲಿ ಉಳಿದ ಐದೂ ಮನೆಯವರು ದಾರಿಗೆ ಬೆನ್ನು ಮಾಡಿ ನಿಂತಿದ್ದರು. ತಿರುವಿಗೆ ಬರುತ್ತಲೇ ತಂಗಿ ತುಟಿ ಚೂಪು ಮಾಡಿ ಸೀಟಿ ಹೊಡೆದಳು, ಉದ್ದಕ್ಕೆ ಒಂದು, ಚಿಕ್ಕದು ಎರಡು.

ಹಿಂತಿರುಗಿಯೂ ನೋಡದೆ ಎಲ್ಲರೂ ದಾರಿಯಿಂದ ನಾಲ್ಕು ಹೆಜ್ಜೆ ಆಚೆ ಸರಿದು ನಿಂತರು.