ಗೊರಕೆ ತಾತ ದಾರಿ ಬದಲಿಸಿದ ದಿನ

ಅಪ್ಪನ ಅಂಗಿಯನ್ನು ಎಷ್ಟು ಸಲ ಒಗೆದರೂ ಡೀಸೆಲ್ ವಾಸನೆ ಹೋಗುತ್ತಿರಲಿಲ್ಲ. ಅಮ್ಮ ಬಾರ್ ಸೋಪು ಹಾಕಿ ತಿಕ್ಕಿ, ಕಲ್ಲಿಗೆ ಬಡಿದು, ಬಿಸಿಲಿಗೆ ಹರವಿದರೆ ಸೋಪಿನ ವಾಸನೆ ಮೇಲೊಂದು ಪದರವಾಗಿ ಕೂರುತ್ತಿತ್ತೇ ಹೊರತು ಅಡಿಯಲ್ಲಿ ಡೀಸೆಲ್ಲು ಹಾಗೇ ಇರುತ್ತಿತ್ತು. ಅಪ್ಪ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಶಾಲೆಗೆ ರಜೆ ಇದ್ದಾಗ ಮಗಳನ್ನು ಕರೆದುಕೊಂಡು ಹೋಗಿ, ರಿಪೇರಿಗೆ ನಿಂತ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂರಿಸಿ, ತಾವು ಅದರ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ಬಿಸಿಲಿಗೆ ಕಾದ ರೆಕ್ಸಿನ್ನಿಗೂ ಅಪ್ಪನ ಅಂಗಿಗೂ ಒಂದೇ ವಾಸನೆ. ಈಗಲೂ ಯಾವುದಾದರೂ ಹಳೇ ಬಸ್ಸು ಹತ್ತಿದಾಗ ಅದು ಮೂಗಿಗೆ ಬಡಿದರೆ ಆಕೆಗೆ ಯಾರೋ ತಲೆ ಸವರಿದ ಹಾಗಾಗುತ್ತದೆ.

ಅದಕ್ಕೇ ಎಲ್ಲರೂ ಆಕೆಯನ್ನು ಡಿಪೋ ಅಕ್ಕ ಎನ್ನುವುದು. ಕೆಲಸವೇನೋ ದೊಡ್ಡ ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ. ಹಬೆಯಲ್ಲಿ ಬೆಂದು ಬಂದ ಚಾದರಗಳನ್ನು ಉರುಳೆಯ ಇಸ್ತ್ರಿ ಯಂತ್ರಕ್ಕೆ ಕೊಟ್ಟು, ಆಚೆ ಕಡೆ ಬಂದದ್ದನ್ನು ಮಡಚಿಡುವುದು. ಹುಚ್ಚು ಮಾತ್ರ ಬಸ್ಸಿನದು. ಊರಿನಲ್ಲಿ ಓಡುವ ಬಸ್ಸುಗಳ ಮುಖ ಆಕೆಗೆ ನೆಂಟರಿಷ್ಟರ ಮುಖದಷ್ಟೇ ಪರಿಚಯ. ಏರಿನಲ್ಲಿ ಗೊರ್ ಗೊರ್ ಎನ್ನುತ್ತ ಹತ್ತುವ ಒಂದು ಹಳೇ ಬಸ್ಸಿಗೆ ಗೊರಕೆ ತಾತ ಎಂದು ಹೆಸರಿಟ್ಟಿದ್ದಳು. ಬ್ರೇಕು ಹಾಕಿದರೆ ಕಿರುಚುವುದು ಜಗಳಗಂಟಿ. ಹೊಸದಾಗಿ ಬಂದ, ಸದ್ದೇ ಮಾಡದ ಬಸ್ಸುಗಳಿಗೆಲ್ಲ ಒಂದೇ ಹೆಸರು, ಮದುಮಗಳು. ಜೊತೆಯವರು ಎಲ್ಲಿಗೇ ಹೊರಟರೂ ಮೊದಲು ಆಕೆಯನ್ನು ಕೇಳಬೇಕು. "ಯಮ ಬಂದು ಕರೆದರೂ ಡಿಪೋ ಅಕ್ಕ ಯಾವ ರೂಟಲ್ಲಿ ಬಂದೆ ಅಂತ ಕೇಳ್ತಾಳೆ ಬಿಡು," ಎಂದು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು.

ಈಚೆಗೆ ನಗು ಕಡಿಮೆ. ಇಬ್ಬರು ಕೆಲಸ ಬಿಟ್ಟುಹೋಗಿ ಅವರ ಪಾಲಿನ ಚಾದರಗಳೂ ಉಳಿದವರ ತಲೆಗೆ ಬಂದಿದ್ದವು. ಸಂಜೆ ಮನೆಗೆ ಬಂದರೆ ಚಪ್ಪಲಿ ಬಿಚ್ಚಲು ಬಗ್ಗುವುದೇ ಒಂದು ಕೆಲಸ. ಕಾಲು ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಅಚ್ಚೊತ್ತಿರುತ್ತಿತ್ತು. ಮೊದಲಾದರೆ ನಿಲ್ದಾಣದ ಹಲಗೆಯ ಮೇಲೆ ಹೊಸ ನೋಟೀಸು ಅಂಟಿಸಿದರೆ ಅಂಟು ಆರುವ ಮುಂಚೆ ಓದುತ್ತಿದ್ದವಳು ಆಕೆಯೇ. ಈಗ ಆ ಹಲಗೆಗೆ ಬೆನ್ನು ಒರಗಿಸಿ ನಿಲ್ಲುತ್ತಿದ್ದಳು.

ಮನೆಯಲ್ಲಿ ಇದ್ದವರು ಇಬ್ಬರೇ, ಆಕೆ ಮತ್ತು ತಮ್ಮ. ತಮ್ಮನಿಗೆ ಕಣ್ಣಿನ ನರ ಸೋತು, ಮೊದಲು ಅಂಚುಗಳು ಮಸುಕಾಗಿ, ಆಮೇಲೆ ನಡುವೆಯೂ ಕತ್ತಲಾಗಿತ್ತು. ಈಗ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟು ಮಾತ್ರ ಗೊತ್ತಾಗುತ್ತಿತ್ತು. ಕಣ್ಣು ಹೋದ ಹೊಸದರಲ್ಲಿ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದವನು ಏಳುತ್ತಲೇ ಇರಲಿಲ್ಲ. ಊಟಕ್ಕೆ ಕರೆದರೆ "ಆಮೇಲೆ" ಎನ್ನುವನು. ಆ ಆಮೇಲೆ ಬರುತ್ತಲೇ ಇರಲಿಲ್ಲ. ಕೊನೆಗೆ ಯಾರೋ ಪುಣ್ಯಾತ್ಮರು ಬೆತ್ತದ ಕುರ್ಚಿ ಹೆಣೆಯುವ ಶೆಡ್ಡಿನ ವಿಷಯ ಹೇಳಿದರು. ಬೆರಳು ಚುರುಕಿದ್ದರೆ ಸಾಕು, ಕಣ್ಣು ಬೇಡ. ತಮ್ಮ ಒಂದೇ ಷರತ್ತು ಹಾಕಿದ. "ಹೋಗ್ತೀನಿ. ಆದರೆ ಯಾರೂ ನನ್ನ ಕೈ ಹಿಡ್ಕೊಂಡು ಕರ್ಕೊಂಡು ಹೋಗಬಾರದು."

ಕಲಿಸಿದವಳು ಅಕ್ಕನೇ. ಮನೆಯ ಹತ್ತಿರದ ನಿಲ್ದಾಣಕ್ಕೆ ಅವನು ಹೊರಡುವ ಹೊತ್ತಿಗೆ ಬರುವುದು ಎರಡೇ ರೂಟು. ಶೆಡ್ಡಿನ ಮುಂದೆ ಹಾದು ಮಾರುಕಟ್ಟೆಗೆ ಹೋಗುವ ಒಂಬತ್ತನೇ ನಂಬರಿಗೆ ಹಳೇ ಬಸ್ಸುಗಳು, ಊರಾಚೆ ಗೋದಾಮಿಗೆ ಹೋಗುವ ಹನ್ನೆರಡನೇ ನಂಬರಿಗೆ ಹೊಸವು. ರಜೆ ಸಿಕ್ಕಾಗಲೆಲ್ಲ ಅಕ್ಕ ತಮ್ಮ ಇಬ್ಬರೂ ನಿಲ್ದಾಣದ ಬೆಂಚಿನ ಮೇಲೆ ಕೂತು ಅಭ್ಯಾಸ ಮಾಡಿದರು. "ಇದು?" "ಗೊರಕೆ ತಾತ." "ಇದು?" "ಜಗಳಗಂಟಿ. ಇವತ್ತು ಯಾಕೋ ಗಂಟಲು ಕಟ್ಟಿದೆ." "ಇದು?" "ಏನೂ ಕೇಳಿಸ್ಲಿಲ್ಲ, ಅಂದ್ರೆ ಮದುಮಗಳು. ನಮ್ಮದಲ್ಲ." ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಇವರಿಬ್ಬರ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಅಂದಿನಿಂದ ತಮ್ಮ ಯಾರನ್ನೂ ಕೇಳದೆ ಬಸ್ಸು ಹತ್ತಿದ, ಯಾರನ್ನೂ ಕೇಳದೆ ಇಳಿದ. ಕತ್ತು ನೆಟ್ಟಗಾಯಿತು. ರಾತ್ರಿ ಊಟಕ್ಕೆ ತಾನೇ ಮೊದಲು ಬಂದು ಕೂರುತ್ತಿದ್ದ.

ಆ ದಿನ ಆಕೆ ಎಂದಿನಂತೆ ತಮ್ಮನಿಗಿಂತ ಮುಂಚೆ ಮನೆ ಬಿಟ್ಟಳು. ಆಸ್ಪತ್ರೆಯ ಬಸ್ಸಿನ ಕಿಟಕಿಗೆ ತಲೆ ಆನಿಸಿ ಅರ್ಧ ನಿದ್ದೆಯಲ್ಲಿದ್ದಾಗ ಎದುರಿನಿಂದ ಗೊರಕೆ ತಾತ ಬಂದ. ಹಣೆಯ ಮೇಲೆ ಬೇರೆಯೇ ಬೋರ್ಡು. ಹನ್ನೆರಡು, ಗೋದಾಮು. 'ಅಯ್ಯೋ ತಾತ, ವಯಸ್ಸಾದ ಮೇಲೆ ಊರಾಚೆಗೆ ಹಾಕಿದರೇನೋ ನಿನ್ನ' ಎಂದು ಮನಸ್ಸಿನಲ್ಲೇ ಅಂದು, ತಿರುಗಿ ಅದರ ಬೆನ್ನು ಮರೆಯಾಗುವವರೆಗೂ ನೋಡಿ ನಕ್ಕಳು. ಎಷ್ಟೋ ದಿನಗಳ ಮೇಲೆ ಬಂದ ನಗು. ಹಾಗೇ ಕಣ್ಣು ಮುಚ್ಚಿದಳು.

ಮಧ್ಯಾಹ್ನದ ಊಟದ ಬಿಡುವಿಗೆ ಇನ್ನೂ ಸ್ವಲ್ಪ ಹೊತ್ತು ಇರುವಾಗ ಕುರ್ಚಿ ಶೆಡ್ಡಿನ ಮೇಸ್ತ್ರಿ ಫೋನು ಮಾಡಿದ. "ಅಕ್ಕ, ತಮ್ಮನಿಗೆ ಹುಷಾರಿಲ್ವಾ? ಬಂದಿಲ್ಲ ಇವತ್ತು."

ತಮ್ಮನ ಫೋನಿಗೆ ಮಾಡಿದರೆ ಗಂಟೆ ಹೊಡೆದೂ ಹೊಡೆದೂ ನಿಂತಿತು. ಅದನ್ನು ಚಾರ್ಜಿಗೆ ಹಾಕಿ ಮರೆತು ಹೋಗುವುದು ಅವನ ಹಳೇ ಚಾಳಿ. ಆಕೆ ಯಂತ್ರದ ಮುಂದೆ ಹಾಗೇ ನಿಂತಳು. ಒಂದು ಚಾದರ ಸೊಟ್ಟವಾಗಿ ಒಳಗೆ ಹೋಗಿ ಸುಕ್ಕುಗಟ್ಟಿ ಹೊರಬಂತು. ಬೆಳಗಿನ ಬೋರ್ಡು ಈಗ ಕಣ್ಣ ಮುಂದೆ ಬಂತು, ಈ ಸಲ ನಗು ಬರಲಿಲ್ಲ. ತಾತ ಗೋದಾಮಿಗೆ ಹೋಗುತ್ತಾನೆ ಎಂದರೆ ತಾತನ ಗೊರಕೆ ನಂಬಿದವನೂ ಗೋದಾಮಿಗೇ ಹೋಗಿರುತ್ತಾನೆ.

ಅವನು ಸಿಗುವುದರಲ್ಲಿ ಅನುಮಾನವಿರಲಿಲ್ಲ. ಸಿಕ್ಕಿದ ಮೇಲೆ ಮತ್ತೆ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರೆ? ಕೈಗೆ ಸಿಕ್ಕ ಚಾದರ ಹಿಡಿದೇ ಸೂಪರ್‌ವೈಸರ್ ಕುರ್ಚಿಯ ಕಡೆ ನಡೆದಳು.

ಸೂಪರ್‌ವೈಸರ್ ಮೇಡಂ ಬಾಯಿ ಬಿಟ್ಟರೆ ಬೈಗುಳವೇ ಎಂದು ಹೆಸರಾದವರು. ಎರಡು ಮಾತಿನಲ್ಲಿ ವಿಷಯ ಕೇಳಿ, ಆಕೆಯ ಕೈಯಲ್ಲಿದ್ದ ಚಾದರದ ತುದಿಯನ್ನು ತಾವೇ ಹಿಡಿದುಕೊಂಡರು. "ನಿಂತ್ಕೊಂಡು ನನ್ನ ಮುಖ ಏನು ನೋಡ್ತೀಯ? ಈ ಚಾದರ ಎಲ್ಲೂ ಓಡಿ ಹೋಗಲ್ಲ. ಹೋಗು." ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತವರು, ಯಂತ್ರಕ್ಕೆ ಚಾದರ ಕೊಡಲು ಸೆರಗು ಸಿಕ್ಕಿಸಿಕೊಳ್ಳುವುದನ್ನು ಡಿಪೋ ಅಕ್ಕ ಬಾಗಿಲಿನಿಂದ ಕಂಡಳು.

ಗೋದಾಮಿನ ಕೊನೇ ನಿಲ್ದಾಣವೆಂದರೆ ಒಂದು ತಗಡಿನ ಚಪ್ಪರ, ಒಂದು ನೀರಿನ ಡ್ರಮ್ಮು, ಸುತ್ತ ಧೂಳು. ಚಪ್ಪರದ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತಮ್ಮ ಕೂತಿದ್ದ, ಹೆಗಲ ಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡು. ಗೋದಾಮಿನ ಕಾವಲುಗಾರ, ವಯಸ್ಸಾದವನು, ದೂರದಿಂದಲೇ ಆಕೆಯನ್ನು ನೋಡಿ ಎದ್ದು ಬಂದ.

"ನಿಮ್ಮೋರಾ ಅಮ್ಮಾ? ವಾಪಸ್ ಬಸ್ಸು ಹತ್ತಿಸ್ತೀನಿ ಅಂದೆ, ಬೇಡ ಅಂದ್ರು. ಫೋನ್ ಮಾಡ್ತೀನಿ ನಂಬರ್ ಕೊಡಿ ಅಂದೆ, ಅಕ್ಕನ ಕೆಲಸ ಕೆಡಿಸಬೇಡಿ ಅಂದ್ರು. ಸರಿ, ಕೂತ್ಕೊಳ್ಳಿ ಅಂದೆ."

ಧೂಳಿನಲ್ಲಿ ಕುರ್ಚಿಯ ಕಾಲು ಎಳೆದ ಗೆರೆಗಳಿದ್ದವು. ನೆರಳು ಸರಿದ ಹಾಗೆಲ್ಲ ಕಾವಲುಗಾರ ಕುರ್ಚಿಯನ್ನೂ ಸರಿಸಿ ಕೂರಿಸಿದ್ದ. ಆಕೆ ಆ ಗೆರೆಗಳನ್ನು ನೋಡುತ್ತ ತಮ್ಮನ ಹತ್ತಿರ ಹೋಗಿ ನಿಂತಳು.

"ಅಕ್ಕ ತಾನೆ?"

"ಹೆಜ್ಜೆ ಗೊತ್ತಾಯ್ತಾ?"

"ಉಸಿರು. ಗೊರಕೆ ತಾತನಿಗಿಂತ ಜೋರಾಗಿ ಬಿಡ್ತಿದ್ದೀಯ."

ಆಕೆ ಚಪ್ಪರದ ಕಟ್ಟೆಯ ಮೇಲೆ ಕುಸಿದು ಕೂತಳು. ಕಾವಲುಗಾರ ಡ್ರಮ್ಮಿನಿಂದ ಒಂದು ಲೋಟ ನೀರು ತಂದು ಪಕ್ಕದಲ್ಲಿಟ್ಟು, ಸ್ವಲ್ಪ ದೂರ ಹೋಗಿ ನಿಂತ.

"ತಿರುವಿನಲ್ಲೇ ಅನುಮಾನ ಬಂತು," ಎಂದ ತಮ್ಮ. "ಸೇತುವೆ ಆದಮೇಲೆ ಎಡಕ್ಕೆ ವಾಲಬೇಕಿತ್ತು, ವಾಲಲಿಲ್ಲ. ರಸ್ತೆ ಅಗೆದಿರಬೇಕು, ಸುತ್ತಿ ಹೋಗ್ತಾನೆ ಅಂದ್ಕೊಂಡೆ. ಕಂಡಕ್ಟರು ಹೊಸಬ. ಪಾಸ್ ನೋಡಿ ಮುಂದಕ್ಕೆ ಹೋದ."

"ನನ್ನದೇ ತಪ್ಪು ಕಣೋ. ಬೆಳಿಗ್ಗೆ ನಾನೇ ನೋಡಿದೆ, ತಾತ ಗೋದಾಮಿನ ಬೋರ್ಡು ಹಾಕ್ಕೊಂಡು ಬರ್ತಿದ್ದ. ನೋಡಿ ನಕ್ಕೆ."

"ನಕ್ಕೆಯಾ?"

"ಖುಷಿ ಆಯ್ತು. ಇನ್ನೊಂದು ದಾರೀಲಿ ಅದನ್ನ ನೋಡಿದ ಖುಷಿ. ಬೇರೇನೂ ತಲೆಗೇ ಹೊಳೀಲಿಲ್ಲ."

ತಮ್ಮ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡ. "ನೀನು ಬಸ್ಸು ನೋಡಿದೆ," ಎಂದ. "ಹತ್ತೋನ್ನ ನೋಡಲಿಲ್ಲ."

ಸಿಟ್ಟಿನಿಂದ ಹೇಳಿದ್ದರೆ ಆಕೆಗೆ ಸಮಾಧಾನವಾಗುತ್ತಿತ್ತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ನಾಳೆಯಿಂದ ಹೋಗಲ್ಲ ಅಕ್ಕ. ಇಲ್ಲಿ ಕೂತು ಬಂದ ಬಸ್ಸನ್ನೆಲ್ಲ ಆಲಿಸಿದೆ. ಒಂದರ ಮೇಲೂ ನಂಬಿಕೆ ಬರಲಿಲ್ಲ. ಕಣ್ಣು ಕೈ ಕೊಟ್ಟಾಗ ಕಿವಿ ಇದೆ ಅಂದ್ಕೊಂಡೆ. ಈಗ ಕಿವೀನೂ ಕೈ ಕೊಡ್ತು."

"ಹೊಸ ಬಸ್ಸಿಗೂ ಸದ್ದಿದೆ ಕಣೋ. ಬಾಗಿಲು ತೆಗೆಯುವಾಗ ಬುಸ್ ಅನ್ನುತ್ತೆ, ನೋಡು, ರಜೆ ದಿನ ಮತ್ತೆ ಬೆಂಚಿನ ಮೇಲೆ ಕೂತ್ಕೊಂಡು..."

"ಮತ್ತೆ ಬದಲಾಯಿಸಿದ್ರೆ?"

"ಮತ್ತೆ ಕಲಿ."

"ಎಷ್ಟು ಸಲ?"

ಆಕೆಯ ಕಾಲು ಜುಮುಗುಡುತ್ತಿತ್ತು. ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದಳು. ರೂಟುಗಳು ಬದಲಾಗುತ್ತಲೇ ಇರುತ್ತವೆ, ಅಪ್ಪನ ಕಾಲದಿಂದಲೂ. ಮೇಜಿನ ಹಿಂದೆ ಕೂತ ಯಾರೋ ಒಂದು ಗೆರೆ ಅಳಿಸಿ ಇನ್ನೊಂದು ಗೆರೆ ಎಳೆಯುತ್ತಾರೆ. ಆ ಗೆರೆಯ ಮೇಲೆ ಒಬ್ಬ ನಿಂತಿದ್ದಾನೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಎಲ್ಲ ಬಲ್ಲೆ ಎಂದುಕೊಂಡಿದ್ದ ತನಗೇ ಗೊತ್ತಾಗಲಿಲ್ಲ. ಬೆನ್ನು ಒರಗಿಸಿ ನಿಂತ ಹಲಗೆಯ ಮೇಲೇ ನೋಟೀಸು ಇದ್ದಿರಬೇಕು.

"ಕೇಳು," ಎಂದಳು.

"ಕೇಳಿದ್ದಕ್ಕೇ ಇಲ್ಲಿ ಬಂದು ಕೂತಿರೋದು."

"ಆ ಕೇಳೋದಲ್ಲ ಕಣೋ. ಕಿವೀಲಿ ಕೇಳಿದ್ದು ಸಾಕು. ಬಾಯಲ್ಲಿ ಕೇಳು. ಇದು ಯಾವ ಬಸ್ಸು, ಎಲ್ಲಿಗೆ ಹೋಗುತ್ತೆ ಅಂತ. ಜನರನ್ನ ಕೇಳು."

"ಅಯ್ಯೋ ಪಾಪ ಅಂತಾರೆ."

"ಅನ್ನಲಿ. ಅಂದ ಮೇಲಾದ್ರೂ ದಾರಿ ಹೇಳ್ತಾರಲ್ಲ."

"ಯಾರನ್ನೂ ಕೇಳದೆ ಓಡಾಡೋದು ಕಲಿಸಿದ್ದು ನೀನೇ."

"ಹೌದು. ತಪ್ಪು ಕಲಿಸಿದೆ. ನಾನೂ ಯಾರನ್ನೂ ಕೇಳೋಳಲ್ಲ, ಅದಕ್ಕೆ."

ದೂರದಲ್ಲಿದ್ದರೂ ಕಾವಲುಗಾರನಿಗೆ ಎಲ್ಲ ಕೇಳಿಸಿತ್ತು. ಮೆಲ್ಲಗೆ ಕೆಮ್ಮಿ ಹೇಳಿದ, "ನಡುವೆ ಬಾಯಿ ಹಾಕ್ತೀನಿ ಅಂತ ಬೇಜಾರಾಗಬೇಡಿ. ಮೊನ್ನೆ ಇಲ್ಲಿ ಒಬ್ಬ ಡ್ರೈವರೇ ಗಾಡಿ ನಿಲ್ಲಿಸಿ ಇಳಿದು ಬಂದು ಕೇಳಿದ. 'ಅಣ್ಣಾ, ನಾನು ಈಗ ಯಾವ ರೂಟು?' ಅಂತ."

ತಮ್ಮ ನಗುವುದಿಲ್ಲ ಎಂದು ಹಟ ಹಿಡಿದವನಂತೆ ತುಟಿ ಬಿಗಿದ. ಆದರೂ ಮೂಗಿನಿಂದ ಸ್ವಲ್ಪ ನಗು ಹೊರಬಂತು.

ಬಸ್ಸು ಬಂತು. ಜಗಳಗಂಟಿ. ಆಕೆಗೆ ಕಣ್ಣು ಮುಚ್ಚಿದರೂ ಗೊತ್ತಾಗುತ್ತಿತ್ತು, ಅವನಿಗೂ ಗೊತ್ತಾಗಿರಬೇಕು. ಆಕೆ ತುಟಿ ಕಚ್ಚಿ ಸುಮ್ಮನೆ ನಿಂತಳು. ತಮ್ಮ ಎದ್ದು, ಕೋಲನ್ನು ಮುಂದೆ ಮಾಡಿ, ಬಾಗಿಲಿನ ಕಡೆ ಹೋಗಿ ಏನೋ ಅಂದ. ಇಂಜಿನ್ನಿನ ಸದ್ದಿನಲ್ಲಿ ಅದು ಯಾರಿಗೂ ಮುಟ್ಟಲಿಲ್ಲ. ಆಕೆಗೆ ಬಾಯಿ ತುರಿಸಿತು. ತಮ್ಮ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ, ಜಗಳಕ್ಕೆ ನಿಂತವನ ಹಾಗೆ ಕೇಳಿದ. "ಇದು ಸೇತುವೆ ಕಡೆ ಹೋಗುತ್ತಾ?"

"ಹೋಗದೆ ಇನ್ನೆಲ್ಲಿಗೆ ಹೋಗುತ್ತೆ, ಹತ್ತಪ್ಪ," ಎಂದಳು ಒಳಗಿದ್ದ ಯಾವುದೋ ಹೆಂಗಸು, ತನ್ನ ಗಂಟುಮೂಟೆಯನ್ನು ಕಾಲಿನಿಂದ ಒಳಕ್ಕೆ ಎಳೆದುಕೊಳ್ಳುತ್ತ. ಅಯ್ಯೋ ಪಾಪ ಎನ್ನಲಿಲ್ಲ. ಅವಳಿಗೆ ಅವಳ ಗಂಟುಮೂಟೆಯದೇ ಚಿಂತೆ.

ಸೇತುವೆಯ ನಿಲ್ದಾಣದಲ್ಲಿ ಇಬ್ಬರೂ ಇಳಿದರು. ಮನೆಗೆ ಹೋಗುವ ಬಸ್ಸೂ ಕುರ್ಚಿ ಶೆಡ್ಡಿನ ಬಸ್ಸೂ ಆಸ್ಪತ್ರೆಯ ಬಸ್ಸೂ ಅಲ್ಲಿಂದಲೇ. ತಮ್ಮ ಯಾವ ಕಡೆ ಎಂದು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ಮನೆಯ ಕಡೆಗೆ ಎಂದರೆ ಗೋಡೆಯ ಕಡೆಗೆ. ಎರಡು ಬಸ್ಸು ಬಂದು ಹೋದವು. ತಮ್ಮ ಎರಡೂ ಸಲ ಕೇಳಿದ. ಒಂದು ಸಲ ಪಕ್ಕದಲ್ಲಿದ್ದವನು "ನಂಗೂ ಗೊತ್ತಿಲ್ಲ ಗುರೂ, ನಾನೂ ಹೊಸಬ," ಎಂದ. "ಹಾಗಾದ್ರೆ ಇಬ್ಬರೂ ಸೇರಿ ಡ್ರೈವರನ್ನೇ ಕೇಳೋಣ," ಎಂದ ತಮ್ಮ.

ಮೂರನೆಯದು ಮದುಮಗಳು. ಸದ್ದಿಲ್ಲದೆ ಬಂದು ನಿಂತು ಬುಸ್ ಎಂದು ಬಾಗಿಲು ತೆರೆಯಿತು. ತಮ್ಮ ಒಂದು ಹೆಜ್ಜೆ ಮುಂದಿಟ್ಟ.

"ಮಾರುಕಟ್ಟೆಗಾ ಸಾರ್? ಕುರ್ಚಿ ಶೆಡ್ಡಿನ ಹತ್ರ ನಿಲ್ಲಿಸ್ತೀರಾ?"

"ಒಂಬತ್ತು, ಮಾರುಕಟ್ಟೆ. ಬನ್ನಿ. ಇದಕ್ಕೆ ಮೆಟ್ಟಿಲು ತಗ್ಗು, ಕಾಲು ಜಾಸ್ತಿ ಎತ್ತಬೇಡಿ," ಎಂದ ಡ್ರೈವರ್.

ತಮ್ಮ ಒಂದು ಕೈಯಲ್ಲಿ ಬಾಗಿಲಿನ ಕಂಬಿ ಹಿಡಿದ. ಹತ್ತಲಿಲ್ಲ. ಕಂಬಿ ಬಿಟ್ಟು ಹಿಂದಕ್ಕೆ ತಿರುಗಿ, ಕೋಲನ್ನು ಕಂಕುಳಿಗೆ ಸಿಕ್ಕಿಸಿ, ಹೆಗಲ ಚೀಲದೊಳಗೆ ಕೈ ಹಾಕಿ ಬುತ್ತಿಯ ಡಬ್ಬಿ ತೆಗೆದ. ಬೆಳಿಗ್ಗೆ ಆಕೆಯೇ ತುಂಬಿಕೊಟ್ಟದ್ದು, ಮುಚ್ಚಳ ಬಿಚ್ಚಿರಲಿಲ್ಲ. "ನೀನೂ ಊಟ ಮಾಡದೆ ಓಡಿಬಂದಿದ್ದೀಯ, ತಗೋ," ಎಂದ. ಡ್ರೈವರ್ ಸ್ಟೀರಿಂಗಿನ ಮೇಲೆ ಕೈಯಿಟ್ಟು ಕಾದ, ಹಾರ್ನು ಹೊಡೆಯಲಿಲ್ಲ. ತಮ್ಮ ಗಾಳಿಯಲ್ಲಿ ತಡವಿ ಅಕ್ಕನ ಕೈ ಹುಡುಕಿ, ಅಂಗೈ ಬಿಡಿಸಿ, ಡಬ್ಬಿಯನ್ನು ಅದರ ಮೇಲಿಟ್ಟು ಬೆರಳು ಮುಚ್ಚಿದ.